ದಪ್ಪ ತಂತಿಯ ಗುರುತು

ಕುರ್ಚಿ, ಮೇಜು ಮಾಡುವ ಆ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸದವಳನ್ನು ಮೇಸ್ತ್ರಿಯೊಬ್ಬರನ್ನು ಬಿಟ್ಟು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಮಾತ್ರ ಒಬ್ಬನೇ, ಅವಳ ಬೆನ್ನಿಗೆ ಬಿದ್ದ ತಮ್ಮ. ಅವನು ಸಣ್ಣದೊಂದು ವಾದ್ಯತಂಡದಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದ.

“ಅಕ್ಕಾ, ಇದರದ್ದು ಬರೀ ಕೀರಲು ದನಿ. ಇದಕ್ಕೊಬ್ಬ ಅಣ್ಣ ಬೇಕು” ಎಂದು ಅವನು ಒಮ್ಮೆ ಅಂದದ್ದೇ ತಡ, ಅವಳ ತಲೆಗೆ ಹುಳ ಹೊಕ್ಕಿತು. ಆಕ್ಟೇವ್ ಮ್ಯಾಂಡೊಲಿನ್ ಎಂಬ ವಾದ್ಯವಿದೆ. ಅದಕ್ಕೂ ನಾಲ್ಕು ಜೋಡಿ ತಂತಿಗಳೇ, ಆದರೆ ಒಡಲು ದೊಡ್ಡದು, ಕತ್ತು ಉದ್ದ, ದನಿ ಒಂದು ಸ್ಥಾಯಿ ಕೆಳಗೆ. ಅದನ್ನು ತಾನೇ ಮಾಡುತ್ತೇನೆಂದು ಹೊರಟಳು. ಹಳೆಯ ಬೀರುವಿನ ಬಾಗಿಲು ಮುಖದ ಹಲಗೆಯಾಯಿತು, ಮುರಿದ ಮಂಚದ ಕಾಲು ಕತ್ತಾಯಿತು. ರಜೆ ಬಂತೆಂದರೆ ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆಗಿಂತ ಮರದ ಪುಡಿಯೇ ಹೆಚ್ಚು.

ಒಂದು ಎಡವಟ್ಟಾಯಿತು. ಪಾಲಿಶ್‌ನವಳ ಕೈ, ಎಷ್ಟು ಉಜ್ಜಿದರೂ ಸಮಾಧಾನವಿಲ್ಲ. ಮುಖದ ಹಲಗೆ ಒಂದು ಕಡೆ ತೀರ ತೆಳ್ಳಗಾಗಿಬಿಟ್ಟಿತು. ಈ ಗುಟ್ಟನ್ನು ಅವಳು ಹೇಳಿದ್ದು ತಮ್ಮನೊಬ್ಬನಿಗೆ.

ಹಾಗಾಗಿ ತಂತಿ ಆರಿಸುವುದೇ ತಲೆನೋವಾಯಿತು. ದಪ್ಪ ತಂತಿ ಶ್ರುತಿಗೆ ಬರಬೇಕಾದರೆ ಹೆಚ್ಚು ಬಿಗಿಯಬೇಕು; ಬಿಗಿದಷ್ಟೂ ತಂತಿ ಹೊತ್ತ ಮರದ ತುಂಡು, ಕುದುರೆ, ಹಲಗೆಯನ್ನು ಅದುಮುತ್ತದೆ. ತೀರ ಸಣ್ಣದಾದರೆ ಜೋತುಬಿದ್ದು ಗರಗರ ಅನ್ನುತ್ತದೆ. ಇದಕ್ಕೆಂದೇ ಕಟ್ಟಿದ ಕಂತೆ ಅಂಗಡಿಯಲ್ಲಿರಲಿಲ್ಲ. ಗಿಟಾರ್ ತಂತಿಗಳನ್ನು ಬಿಡಿಬಿಡಿಯಾಗಿ ತಂದು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ತಮ್ಮ ನುಡಿಸುವುದು, ಅವಳು ಹಲಗೆಯ ಮೇಲೆ ಅಳತೆಪಟ್ಟಿ ನಿಲ್ಲಿಸಿ ಎಲ್ಲಾದರೂ ತಗ್ಗಿತೇ ಎಂದು ಬಗ್ಗಿ ನೋಡುವುದು. ಕೊನೆಗೆ ಕೆಳದನಿಯ ಜೋಡಿಗೆ ನಲವತ್ತರ ತಂತಿ, ಅಂದರೆ ಇಂಚಿನ ಸಾವಿರದಲ್ಲಿ ನಲವತ್ತು ಭಾಗ ದಪ್ಪದ್ದು, ಸರಿಹೋಯಿತು. ಕತ್ತಿನ ತುದಿಯ ಮೂಳೆಪಟ್ಟಿಯಲ್ಲಿ ಆಯಾ ತಂತಿಗೆ ತಕ್ಕ ಗೀರುಗಳನ್ನು ಅಳ್ಳಾಡದಂತೆ ಕೊರೆದಳು.

“ಇದಕ್ಕಿಂತ ದಪ್ಪದ್ದು ಹಾಕ್ಬೇಡ ಕಣೋ, ಹೊಟ್ಟೆ ಕುಸಿದುಬಿಡುತ್ತೆ.”

“ನನಗೂ ಹೇಳ್ಬೇಕಾ? ಮಗು ಥರ ನೋಡ್ಕೋತೀನಿ” ಎಂದು ಅವನು ವಾದ್ಯವನ್ನು ಕಾರ್ಯಕ್ರಮಕ್ಕೆ ಒಯ್ದ.

ಮರುದಿನ ಮಧ್ಯಾಹ್ನ ಕಾರ್ಖಾನೆಗೇ ಬಂದ. ಕುದುರೆಯ ಅಡಿಯಲ್ಲಿ ಹಲಗೆ ತಗ್ಗಿ ಸೀಳಿಹೋಗಿತ್ತು. ತಂತಿಗಳು ಅವಳು ಕಟ್ಟಿದವೇ. “ಅಂಟು ಸರಿಯಾಗಿ ಹಿಡಿದಿಲ್ಲ ಅಕ್ಕಾ. ಅಷ್ಟು ಜನರ ಮುಂದೆ ಕೈಕೊಡ್ತು” ಅಂದ. ಊಟದ ಡಬ್ಬಿ ಬಿಚ್ಚಿ ಕೂತವರೆಲ್ಲ ತಿರುಗಿ ನೋಡಿದರು. ಅವಳನ್ನು ಜೋಡಣೆಯ ಕೆಲಸಕ್ಕೆ ಹಾಕಿಕೊಳ್ಳುತ್ತೇನೆ ಎಂದಿದ್ದ ಮೇಸ್ತ್ರಿ ಸೀಳನ್ನು ಬೆರಳಿನಲ್ಲಿ ಸವರಿ, “ನಿನ್ನ ಕೈಗೆ ಪಾಲಿಶ್ಶೇ ಸರಿ ಬಿಡಮ್ಮಾ” ಎಂದು ನಕ್ಕರು.

ಅವಳ ಮುಖ ಸಣ್ಣದಾಯಿತು. “ತಪ್ಪಾಯ್ತು ಕಣೋ. ನನ್ನಿಂದ ನಿನ್ನ ಮಾನ ಹೋಯ್ತು” ಎಂದಳು.

“ಹೋಗ್ಲಿ ಬಿಡಕ್ಕಾ, ಮನಸ್ಸಿಗೆ ಹಚ್ಕೋಬೇಡ” ಎಂದು ತಮ್ಮ ಅವಳ ಬೆನ್ನು ತಟ್ಟಿದ.

ಭಾನುವಾರ ಅದನ್ನು ಬಿಚ್ಚಲು ಕೂತಳು. ಅಂಟಿನ ಕಡೆ ನೋಡಿದರೆ ಅದು ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಸೀಳಿದ್ದು ಪಕ್ಕದ ಮರ. ಕೆಳದನಿಯ ತಂತಿಯನ್ನು ಬೆರಳಿನಿಂದ ಅಲುಗಿಸಿದಳು. ತಾನು ಕೊರೆದ ಗೀರಿನಲ್ಲೇ ಅದು ಅತ್ತಿತ್ತ ಆಡಿತು. ಗೀರಿನ ಒಳಗೆ ಅರದಿಂದ ಉಜ್ಜಿದ ಹೊಸ ಬಿಳುಪು. ಬಿರಡೆಯ ಬಳಿ ತಂತಿಯಲ್ಲಿ ಎರಡೆರಡು ಬಾರಿ ಮಡಿಸಿದ ಗುರುತು. ಅವಳಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು.

ಎದ್ದವಳೇ ತಮ್ಮನ ಮನೆಗೆ ಹೋದಳು. ಬಾಗಿಲು ತೆರೆದವನು ಅವನೇ.

“ಎಷ್ಟರದ್ದು ಹಾಕಿದ್ದೆ?”

“ಏನು?”

“ತಂತಿ.”

ಅವನು ಚಪ್ಪಲಿಗಳ ಕಡೆ ನೋಡಿದ. “ಐವತ್ತಾರರದ್ದು. ತಂಡದವರು ದನಿ ಸಾಲದು ಅಂದ್ರು ಅಕ್ಕಾ. ಒಂದು ಸಂಜೆ ತಾನೆ ಅಂದ್ಕೊಂಡೆ.”

“ಆಮೇಲೆ ನನ್ನ ತಂತೀನೇ ಮತ್ತೆ ಕಟ್ಟಿದೆ.”

“ಬೈತೀಯ ಅಂತ ಹೆದರಿಕೆ ಆಯ್ತು.”

“ಮುರಿದದ್ದಕ್ಕೆ ಬೈದು ಸುಮ್ಮನಾಗ್ತಿದ್ದೆ ಕಣೋ. ಅಷ್ಟು ಜನರ ಮುಂದೆ ನಾನು ತಪ್ಪಾಯ್ತು ಅಂದೆ. ನೀನು ಕ್ಷಮಿಸಿಯೂಬಿಟ್ಟೆ!” ಅವಳ ದನಿ ಒಡೆಯಿತು. “ಬೆನ್ನು ಬೇರೆ ತಟ್ಟಿದೆಯಲ್ಲೋ.”

ಮೇಸ್ತ್ರಿಯ ಬಳಿ ನಿಜ ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ. ನಾಳೆ ಬರುತ್ತೇನೆ ಅಂದವನು ಆ ವಾರ ಬರಲಿಲ್ಲ, ಮುಂದಿನ ವಾರವೂ ಇಲ್ಲ. ತಾನೇ ಹೇಳೋಣವೆಂದರೆ ಒಡಹುಟ್ಟಿದವನ ಮಾನ ತಾನೇ ಕಳೆದಂತಾಗುತ್ತದೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಜೋಡಣೆಯ ಮೇಜಿಗೆ ಬೇರೆಯವರು ಬಂದರು.

ಅವಳು ಮುಖಕ್ಕೆ ಹೊಸ ಹಲಗೆ ಹಾಕಿದಳು. ಈ ಸಲ ಉಜ್ಜುವಾಗ ಕೈಯನ್ನು ಹಿಡಿತದಲ್ಲಿಟ್ಟುಕೊಂಡಳು, ಒಳಗೆ ಆಧಾರದ ಪಟ್ಟಿಗಳನ್ನೂ ಕೂರಿಸಿದಳು. ತಂತಿ ಆರಿಸುವಾಗ ಜೊತೆಗೆ ಯಾರೂ ಇರಲಿಲ್ಲ. ಒಂದು ಕೈಯಲ್ಲಿ ಮೀಟುತ್ತ, ಇನ್ನೊಂದು ಕೈಯಲ್ಲಿ ಅಳತೆಪಟ್ಟಿ ಹಿಡಿಯುವುದು ಕಷ್ಟವಾಯಿತು. ಆದರೂ ದನಿ ತುಂಬಿ ಬಂತು.

ತಮ್ಮ ಬಂದದ್ದು ಆಮೇಲೆ. ಗೋಡೆಗೆ ಒರಗಿಸಿದ್ದ ವಾದ್ಯದ ಕಡೆ ಕೈ ಚಾಚಿದವನು ಅವಳ ಮುಖ ನೋಡಿ ಹಿಂದೆಗೆದುಕೊಂಡ. “ಚೆನ್ನಾಗಿದೆ. ಈ ಸಲ ಎಷ್ಟರದ್ದು ಹಾಕಿದ್ದೀಯಕ್ಕಾ?”

ಎಲ್ಲವನ್ನೂ ಅವನಿಗೆ ಹೇಳಿ ಅಭ್ಯಾಸವಾಗಿದ್ದ ಬಾಯಿ ತೆರೆದೇ ಬಿಟ್ಟಿತ್ತು. ಅವಳು ತಡೆದುಕೊಂಡಳು.

“ಏನೋ, ಕೈಗೆ ಸಿಕ್ಕಿದ್ದು ಹಾಕಿದೆ” ಎಂದು ಹೇಳಿ ಕಾಫಿಗೆ ನೀರಿಡಲು ಎದ್ದಳು.