ಲಿಫ್ಟ್ ಲಿಂಗಣ್ಣನೂ ನನ್ನ ಪ್ರಾಣಾಯಾಮವೂ

ತಡೆದುಕೊಂಡ ನಗು ಮೂಗಿನಿಂದ ಹೊರಬೀಳುತ್ತದೆ ಎಂಬುದನ್ನು ತಾವೂ ಬಲ್ಲಿರಿ. ಆದರೆ ಎರಡು ಬೆರಳುಗಳಿಂದ ಮೂಗನ್ನೂ ಹಿಡಿದುಕೊಂಡು ಕುಳಿತಿರುವಾಗ ನಗು ಬಂದರೆ ಅದು ಯಾವ ದ್ವಾರವನ್ನು ಹುಡುಕೀತು ಎಂಬ ಪ್ರಶ್ನೆಯನ್ನು ನಮ್ಮ ಯೋಗಶಾಸ್ತ್ರಕಾರರು ಎತ್ತಿದಂತೆ ಕಾಣೆ. ಪೂರಕ, ಕುಂಭಕ, ರೇಚಕಗಳ ಲಕ್ಷಣವನ್ನು ಅಷ್ಟು ಸೂಕ್ಷ್ಮವಾಗಿ ವಿವರಿಸಿದ ಆ ಮಹನೀಯರ ಪೂಜಾಗೃಹಗಳ ಗೋಡೆಯಾಚೆಗೆ ಬಹುಶಃ ರೇಡಿಯೋ ಇರಲಿಲ್ಲ. ನನ್ನ ಪೂಜಾಗೃಹದ ಗೋಡೆಯಾಚೆಗೆ ಇತ್ತು.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಸರ್ಕಾರಿ ಕಾರ್ಖಾನೆಯೊಂದರ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಂಸ್ಕೃತ ಬೋಧಿಸಿ ನಿವೃತ್ತನಾದ ನಾನು, ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಕಟ್ಟಿಸಿದ ಪುಟ್ಟ ಮನೆಯಲ್ಲಿ ಪತ್ನಿ ಶಾರದೆಯೊಡನೆ ವಾಸವಾಗಿದ್ದೆ. ಹಿಂಬದಿಯ ಒಂಟಿ ಕೋಣೆಯಲ್ಲಿ ಕೊಪ್ಪಳದ ಕಡೆಯ ದಂಪತಿಗಳು ಬಾಡಿಗೆಗಿದ್ದರು. ಗಂಡ ಶರಣಪ್ಪ ಪೀಣ್ಯದ ಶೆಡ್ಡೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ಅಂದರೆ ದಿನವಿಡೀ ಧಡ್ ಧಡ್ ಎಂದು ಬೀಳುವ ಯಂತ್ರದ ಕೆಳಗೆ ತಗಡಿಟ್ಟು ತುಂಡು ಕತ್ತರಿಸುವ ಕೆಲಸ. ಹೆಂಡತಿ ನೀಲವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವರ ಕಿಟಕಿಯ ಕಟ್ಟೆಯ ಮೇಲೆ ಒಂದು ರೇಡಿಯೋ. ಆ ಕಿಟಕಿಗೂ ನನ್ನ ದೇವರಮನೆಗೂ ನಡುವೆ ನಾಲ್ಕೂವರೆ ಇಂಚಿನ ಗೋಡೆ. ಮನೆ ಕಟ್ಟಿಸುವಾಗ ಇಟ್ಟಿಗೆಯಲ್ಲಿ ಮಿತವ್ಯಯ ಸಾಧಿಸಿದ ಜಾಣ ನಾನೇ.

ಬೆಳಗ್ಗೆ ಏಳೂ ಮುಕ್ಕಾಲಕ್ಕೆ ಆ ರೇಡಿಯೋದಲ್ಲಿ ಲಿಫ್ಟ್ ಲಿಂಗಣ್ಣ ಪ್ರತ್ಯಕ್ಷನಾಗುತ್ತಿದ್ದ. ಎಂಟು ಮಹಡಿಗಳ ಯಾವುದೋ ಕಂಪನಿಯಲ್ಲಿ ಲಿಫ್ಟ್ ನಡೆಸುವವನೆಂದು ಆ ಪಾತ್ರದ ಕಲ್ಪನೆ. ನೆಲಮಹಡಿಯಲ್ಲಿ ಹತ್ತಿದವನಿಗೆ ಎಂಟನೆಯ ಮಹಡಿ ತಲುಪುವುದರೊಳಗೆ ಜೀವನೋಪದೇಶ ಮಾಡಿ ಮುಗಿಸುವುದು ಅವನ ವ್ರತ. ಎಂಟಕ್ಕೆ ಹೋಗಬೇಕಾದ ಮ್ಯಾನೇಜರನನ್ನು ಏಳರಲ್ಲೇ ಇಳಿಸಿ, ಒಂದು ಮಹಡಿ ಹತ್ತಿದರೆ ವ್ಯಾಯಾಮ, ಹತ್ತದಿದ್ದರೆ ಇನ್ನೂ ಒಳ್ಳೆಯದು, ಮೀಟಿಂಗು ತಪ್ಪುತ್ತದೆ ಎಂದು ಹರಸುತ್ತಿದ್ದ. ಮೂರು ನಿಮಿಷದ ವಿನೋದ. ಆ ಮೂರು ನಿಮಿಷ ನಮ್ಮ ಬೀದಿಗೇ ಒಂದು ಬಗೆಯ ಏಕಾಗ್ರತೆ ಬರುತ್ತಿತ್ತು. ಎದುರಿನ ಕ್ಷೌರದಂಗಡಿಯ ಕತ್ತರಿ ನಿಲ್ಲುತ್ತಿತ್ತು. ಕಾರ್ಖಾನೆಯ ಬಸ್ಸಿಗೆ ಕಾದವರು ಬಸ್ಸು ತಡವಾಗಲೆಂದು ಹಾರೈಸುತ್ತಿದ್ದರು. ಕಡೆಗೆ ಒಂದೇ ನಗು ಹತ್ತು ಮನೆಗಳಿಂದ ಒಟ್ಟಿಗೆ ಏಳುತ್ತಿತ್ತು. ಈಗ ಎಲ್ಲರ ನಗುವೂ ಅವರವರ ಅಂಗೈಯ ಫೋನಿನಲ್ಲಿದೆ. ಒಬ್ಬ ನಕ್ಕರೆ ಪಕ್ಕದವನು ಏನಾಯಿತೆಂದು ಕೇಳಬೇಕು. ಅಂದು ಕೇಳಬೇಕಾಗಿರಲಿಲ್ಲ.

ಮೊದಮೊದಲು ನಾನು ಆ ಧ್ವನಿಯನ್ನು ಪೂಜೆಯ ವಿಘ್ನಗಳ ಸಾಲಿಗೆ ಸೇರಿಸಿದ್ದೆ. ಒಂದು ದಿನ ಅಷ್ಟೋತ್ತರ ಜಪದ ನಡುವೆ ನನ್ನ ಹೆಬ್ಬೆರಳು ಉಂಗುರದ ಬೆರಳಿನ ನಡುಗೆಣ್ಣಿನ ಮೇಲೆ ಮೂರು ನಿಮಿಷ ಅಲುಗದೆ ನಿಂತಿದ್ದುದನ್ನು ಕಂಡುಕೊಂಡೆ. ಆಮೇಲೆ ಏಳು ಗಂಟೆಗೆ ಕೂರುತ್ತಿದ್ದ ಪೂಜೆಗೆ ಏಳೂವರೆಗೆ ಕೂರತೊಡಗಿದೆ. ಕಾರಣವೇನೆಂದು ಶಾರದೆ ಕೇಳಿದಾಗ, ಹೂವಿನವಳು ತಡವಾಗಿ ಬರುತ್ತಾಳೆಂದೆ. ಆ ಸಾಧ್ವಿ ಆರೂಕಾಲಿಗೇ ಬಂದು ಬಾಗಿಲಿಗೆ ಹೂವು ಸಿಕ್ಕಿಸಿ ಹೋಗುತ್ತಿದ್ದಳು. ದೇವರಿಗೆಂದು ತಂದ ಹೂವಿನ ಮೇಲೆ ಸುಳ್ಳು ಹೊರಿಸಿದವನಿಗೆ ಯಾವ ಪ್ರಾಯಶ್ಚಿತ್ತವಿದೆಯೋ ನಾನು ಹುಡುಕಲಿಲ್ಲ, ಸಿಕ್ಕಿಬಿಟ್ಟೀತೆಂಬ ಭಯ.

ಒಂದು ಬುಧವಾರ ನನ್ನ ಸಹಪಾಠಿಗಳಾದ ಘನಪಾಠಿಗಳೊಬ್ಬರು ನಮ್ಮಲ್ಲಿ ತಂಗಿದ್ದರು. ವೇದವನ್ನು ಹಿಂದುಮುಂದಾಗಿ ಹೇಳಬಲ್ಲ, ಆದರೆ ನಕ್ಕದ್ದನ್ನು ಯಾರೂ ಕಂಡಿರದ ಪುರುಷರು. ಅವರನ್ನು ಬಲಗಡೆ ಮಣೆಯ ಮೇಲೆ ಕುಳ್ಳಿರಿಸಿ, ಸಂಕಲ್ಪಕ್ಕೆ ಮುಂಚಿನ ಪ್ರಾಣಾಯಾಮಕ್ಕೆಂದು ಮೂಗು ಹಿಡಿದೆ. ಗೋಡೆಯಾಚೆ ಲಿಂಗಣ್ಣನ ಲಿಫ್ಟು ಮೂರನೆಯ ಮಹಡಿಯಲ್ಲಿ ಕೆಟ್ಟು ನಿಂತಿತ್ತು. ಒಳಗಿದ್ದ ಸಾಹೇಬರು ಗಾಬರಿಯಿಂದ ದೇವರನ್ನು ಕೂಗತೊಡಗಿದರು. ಲಿಂಗಣ್ಣ ಶಾಂತವಾಗಿ ಹೇಳಿದ: "ಕರೀಬೇಡಿ ಸಾರ್. ಇದು ನಾಲ್ಕೇ ಜನದ ಲಿಫ್ಟು, ನಾವಾಗ್ಲೇ ನಾಲ್ಕು ಜನ ಇದೀವಿ. ಅವ್ನೂ ಬಂದ್ರೆ ಓವರ್‌ಲೋಡ್ ಆಯ್ತದೆ."

ನನ್ನ ಕುಂಭಕ ಸ್ಫೋಟಿಸಿತು. ಹೊರಬಂದ ಧ್ವನಿಯನ್ನು ಏನೆಂದು ವರ್ಣಿಸಲಿ? ಶಂಖ ಊದಲು ಬಾರದವನು ಊದಿದಂತಿತ್ತು. ಘನಪಾಠಿಗಳು ಒಂದು ಕಣ್ಣನ್ನಷ್ಟೇ ತೆರೆದು ನನ್ನನ್ನು ನೋಡಿದರು. ಎರಡನ್ನೂ ತೆರೆದಿದ್ದರೆ ತಾಳಿಕೊಳ್ಳಬಹುದಿತ್ತು.

ಅವಮಾನಿತನಾದವನು ತನಗಿಂತ ದುರ್ಬಲರನ್ನು ಹುಡುಕಿಕೊಂಡು ಹೋಗುತ್ತಾನೆ. ಮಡಿಪಂಚೆಯಲ್ಲೇ ಎದ್ದು, ಹಿತ್ತಲ ನಲ್ಲಿಯ ಬಳಿ ನಾಲ್ಕಾರು ಹೆಂಗಸರ ನಡುವೆ ಕೊಡ ಹಿಡಿದು ನಿಂತಿದ್ದ ನೀಲವ್ವನೆದುರಿಗೆ ಹೋದೆ. ಒಳಗೆ ಕುಳಿತ ಅತಿಥಿಗಳಿಗೂ ಕೇಳಿಸಲೆಂದು ಏರುದನಿಯಲ್ಲಿ ಹೇಳಿದೆ: "ನೀಲವ್ವ, ಇದು ದೇವರ ಪೂಜೆ ನಡೆಯೋ ಮನೆ. ರೇಡಿಯೋನ ಅಷ್ಟು ಜೋರಾಗಿ ಇಡೋಕೆ ಇಲ್ಲಿ ಯಾರೂ ಕಿವುಡರಿಲ್ಲ."

ಅವಳು ನನ್ನನ್ನು ನೋಡಿದಳು. ಕೊಡವನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ ರೇಡಿಯೋ ಆರಿಸಿದಳು. ಮರುದಿನ ಗೋಡೆಯಾಚೆ ಮೌನ. ಅದರ ಮರುದಿನವೂ. ಸಣ್ಣಗೆ ಇಡಬಹುದಿತ್ತಲ್ಲ, ಪೂರಾ ಆರಿಸಿದ್ದು ಹಟವೇ ಸರಿ ಎಂದು ನಾನು ಗೊಣಗಿದೆ.

ಇನ್ನು ನನ್ನ ಅವಸ್ಥೆ ಕೇಳಿ. ಇಷ್ಟು ಕಾಲ ಬಯಸಿದೆನೆಂದುಕೊಂಡಿದ್ದ ನಿಶ್ಶಬ್ದ ದೊರೆತಾಗ ಪೂಜೆ ಉಪ್ಪಿಲ್ಲದ ಸಾರಿನಂತಾಯಿತು. ಎರಡು ದಿನ ಕ್ಷೌರದಂಗಡಿಯ ಮುಂದೆ, ಇಲ್ಲದ ಗಡ್ಡವನ್ನು ಸವರುತ್ತಾ ನಿಂತೆ. ಮೂರನೆಯ ದಿನ ಜೇಬಿಗೆ ಹಿಡಿಯುವ ರೇಡಿಯೋ ಒಂದನ್ನು ಕೊಂಡು, ಅದರ ತಂತಿಯನ್ನು ಉಣ್ಣೆಯ ಕುಲಾವಿಯೊಳಗಿಂದ ಕಿವಿಗೆ ಸಿಕ್ಕಿಸಿ, ವೈದ್ಯರು ನಡೆಯಲು ಹೇಳಿದ್ದಾರೆಂಬ ಹೊಸ ಸುಳ್ಳಿನೊಡನೆ ಪೂಜೆಯನ್ನು ಏಳಕ್ಕೇ ಮುಗಿಸಿ ನೀರಿನ ಟ್ಯಾಂಕಿನ ಪಾರ್ಕಿಗೆ ಹೊರಟೆ. ಚೈತ್ರದ ಬಿಸಿಲಿನಲ್ಲಿ ಉಣ್ಣೆಯ ಕುಲಾವಿ. ಏನು ಕೇಳುತ್ತಿದ್ದೀರಿ ಮೇಷ್ಟ್ರೇ ಎಂದು ಅಲ್ಲಿನ ನಿವೃತ್ತರು ಕೇಳಿದಾಗ ಉಪನ್ಯಾಸ ಎಂದೆ. ಅವರು ಬಿಡಬೇಕಲ್ಲ? ಕೇಳಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿರೆಂದು ಬೆಂಚಿನ ಮೇಲೆ ಕೂರಿಸಿದರು. ಲಿಂಗಣ್ಣನ ಎಂಟು ಮಹಡಿಗಳನ್ನೇ ಅಷ್ಟಾಂಗಯೋಗವಾಗಿಸಿ, ಯಮನಿಯಮಗಳಿಂದ ಸಮಾಧಿಯವರೆಗೆ ಜೀವನು ಏರುವ ಕ್ರಮವನ್ನು ವಿವರಿಸಿದೆ. ಒಬ್ಬರು ಕಣ್ಣೊರೆಸಿಕೊಂಡರು. ಅಂದಿನಿಂದ ನನ್ನನ್ನು ಕಂಡೊಡನೆ ಕೈಮುಗಿಯತೊಡಗಿದರು, ನಾನೂ ಕೈಮುಗಿಸಿಕೊಳ್ಳತೊಡಗಿದೆ.

ಹೀಗೆ ಏಳೆಂಟು ತಿಂಗಳು ಕಳೆದವು. ಒಂದು ಶನಿವಾರ ಲಿಂಗಣ್ಣನ ಕಡೆಯ ದಿನ ಬಂತು. ಕಂಪನಿಯವರು ಗುಂಡಿಯೊತ್ತಿದರೆ ತಾನೇ ನಡೆಯುವ ಲಿಫ್ಟು ತಂದರೆಂದೂ, ಅವನಿಗೆ ಹಾರ ಹಾಕಿ ಬೀಳ್ಕೊಟ್ಟರೆಂದೂ ಕಥೆ. ಸೋಮವಾರದಿಂದ ಬೇರೆ ಕಾರ್ಯಕ್ರಮವೆಂದು ಸಾರಿದರು. ಅಂಥ ದುಃಖವನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲದ ಏಕಾಂತವನ್ನು ನಾನೇ ನಿರ್ಮಿಸಿಕೊಂಡಿದ್ದೆ. ಮನೆಗೆ ಮರಳುವಾಗ ಗೇಟಿನ ಬಳಿ ಶರಣಪ್ಪ ಬೆನ್ನು ತಿರುಗಿಸಿ ಸೈಕಲ್ ಒರೆಸುತ್ತಿದ್ದ. ಮಾತನಾಡಿಸಿದೆ. ಅವನು ತಿರುಗಲಿಲ್ಲ. ಮತ್ತೊಮ್ಮೆ ಕರೆದೆ. ಊಹೂಂ. ಒಳಗೆ ಬಂದು ಶಾರದೆಯೆದುರು ಅವನ ಸೊಕ್ಕನ್ನು ವರ್ಣಿಸಿದೆ. ಎಂಟು ತಿಂಗಳಾದರೂ ಒಂದು ಮಾತಿನ ಕೋಪ ಇಳಿಯದೇ ಎಂದೆ.

ಅವಳು ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ಅವನಿಗೆ ಕೇಳ್ಸಲ್ಲ ಕಣ್ರೀ. ಆ ಪ್ರೆಸ್ಸಿನ ಸದ್ದಿಗೆ ಕಿವಿ ಹೋಗಿ ವರ್ಷದ ಮೇಲಾಯ್ತು. ಅವಳು ರೇಡಿಯೋನ ಅಷ್ಟು ಜೋರಾಗಿ ಯಾಕೆ ಇಡ್ತಿದ್ಳು ಅಂದ್ಕೊಂಡಿದ್ರಿ?"

ನನಗೇಕೆ ಹೇಳಲಿಲ್ಲವೆಂದು ಕೇಳಿದೆ. "ಯಾವಾಗ ಹೇಳ್ಲಿ? ಬೆಳಗ್ಗೆ ಎದ್ರೆ ಪೂಜೆ ಮುಗಿಯೋವರೆಗೂ ಮೌನ, ಅದು ಮುಗಿದ್ರೆ ಉಪನ್ಯಾಸ" ಎಂದು ಮತ್ತೆ ಕಾಯಿ ಬಿಡಿಸತೊಡಗಿದಳು.

ನವವಿಧ ಭಕ್ತಿಗಳಲ್ಲಿ ಶ್ರವಣಕ್ಕೇ ಮೊದಲ ಸ್ಥಾನವೆಂದು ಮೂವತ್ತು ವರ್ಷ ಪಾಠ ಹೇಳಿದ್ದೆ. ಕಿವಿ ಮಂದವಾಗುತ್ತಿದ್ದ ಮನುಷ್ಯನೊಬ್ಬನಿಗೆ ದಿನದಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದದ್ದು ಆ ಮೂರು ನಿಮಿಷ; ಯಂತ್ರದ ಕೆಳಗೆ ಕೈಯಿಡಲು ಹೊರಡುವ ಮುನ್ನ ಹೆಂಡತಿಯೊಡನೆ ಕೂಡಿ ನಗಲು ಇದ್ದದ್ದೂ ಅಷ್ಟೇ. ಅದನ್ನು ಕಿತ್ತುಕೊಂಡು ನಾನು ಕುಲಾವಿಯೊಳಗೆ ಇಟ್ಟುಕೊಂಡಿದ್ದೆ. ಮೇಲಾಗಿ, ನಾಲ್ಕು ಜನರ ಮುಂದೆ ಕಿವುಡರೆಂಬ ಆ ಪದವನ್ನೇ ಆಡಿದ್ದೆ. ನಾಲಗೆಯನ್ನು ಎಷ್ಟು ಸಲ ಆಚಮನ ಮಾಡಿ ತೊಳೆದರೂ ಆಡಿದ ಮಾತು ತೊಳೆದುಹೋಗುವುದಿಲ್ಲ.

ಮರುದಿನ ಭಾನುವಾರ ಅವರ ಬಾಗಿಲಿಗೆ ಹೋದೆ. ಹೊಸಿಲ ಬಳಿ ಚಾಪೆಯ ಮೇಲೆ ಇಬ್ಬರೂ ರೊಟ್ಟಿ ತಿನ್ನುತ್ತಿದ್ದರು. ಅಂದು ಆಡಿದ ಮಾತು ತಪ್ಪಾಯಿತೆಂದೆ. ನಾಳೆಯಿಂದ ರೇಡಿಯೋ ಎಷ್ಟು ಬೇಕಾದರೂ ಜೋರಾಗಿ ಹಾಕಿಕೊಳ್ಳಿರೆಂದೆ. ಕ್ಷಮೆ ಕೇಳಲು ಬಂದಿದ್ದೆನಾದರೂ ಮಾತು ಹೇಗೋ ಅಪ್ಪಣೆ ಕೊಡಿಸಿದಂತೆಯೇ ಹೊರಬಂತು.

ನೀಲವ್ವ ಶಾಂತವಾಗಿ ಹೇಳಿದಳು: "ಈಗ ಏನ್ ಹಚ್ಚೂದ್ರಿ ಅಜ್ಜಾರ, ಲಿಂಗಣ್ಣ ನಿನ್ನಿಗೆ ಮುಗದನಂತ. ಗಾರ್ಮೆಂಟ್ಸ್ ಲೈನಿನಾಗ ಹುಡಿಗ್ಯಾರು ಹೇಳಿದ್ರು. ಕಡೀಕ ಏನಂದ ಅಂತ ಮಾತ್ರ ಅವ್ರಿಗೂ ಗೊತ್ತಿಲ್ರಿ, ನಿನ್ನಿ ಅರ್ಜೆಂಟ್ ಕೆಲಸ ಅಂತ ಏಳಕ್ಕ ಎಲ್ಲಾರೂ ಮಿಷನ್ನಿನ ಮುಂದ ಇದ್ರು. ಇವ್ರು ನಿನ್ನಿಯಿಂದ ಅದನ್ನ ಕೇಳಾಕತ್ಯಾರ."

ನನಗೆ ಗೊತ್ತಿತ್ತು. ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟಿದ್ದರೆ, ಪಾರ್ಕಿನ ಕೈಮುಗಿತವೂ ಹೂವಿನವಳ ಮೇಲಿನ ಸುಳ್ಳೂ ಹಾಗೆಯೇ ಉಳಿಯುತ್ತಿದ್ದವು. ಶರಣಪ್ಪ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಮ್ಮಿಬ್ಬರ ತುಟಿಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದ. ನಾನು ಹೇಳಿದೆ. ಹಾರ ಹಾಕಿದ ಮೇಲೆ ಸಾಹೇಬರು, ಬಾ ಲಿಂಗಣ್ಣ, ಕಡೆಯ ಸಲ ನಿನ್ನ ಲಿಫ್ಟಿನಲ್ಲಿ ನಾವೇ ನಿನ್ನನ್ನು ಕೆಳಗೆ ಬಿಡುತ್ತೇವೆ ಎಂದರಂತೆ. ಅವನು, ಬೇಡ ಸಾರ್, ಮೆಟ್ಟಿಲಲ್ಲೇ ಇಳಿಯುತ್ತೇನೆ, ಈ ಲಿಫ್ಟನ್ನು ನಾನು ಯಾವತ್ತೂ ನಂಬಿದವನಲ್ಲ ಎಂದನಂತೆ.

ನೀಲವ್ವ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ನಿಮಗ ಹೆಂಗ ಗೊತ್ತಾತ್ರಿ?"

"ಕೇಳ್ತಿದ್ದೆ" ಎಂದೆ ನೆಲ ನೋಡುತ್ತಾ.

ಶರಣಪ್ಪ ಹೆಂಡತಿಯ ಕಡೆ ತಿರುಗಿ ಏನಂತ ಎಂದು ಕೈಸನ್ನೆ ಮಾಡಿದ. ಅವಳು ತಾನೇ ಹೇಳಬಹುದಿತ್ತು. ಹೇಳಲಿಲ್ಲ. "ನೀವ ಹೇಳ್ರಿ ಅಜ್ಜಾರ. ಜೋರಾಗಿ ಹೇಳಬೇಕ್ರಿ" ಎಂದಳು.

ಕೊನೆಯ ಬೆಂಚಿಗೆ ಧಾತುರೂಪಗಳನ್ನು ಮುಟ್ಟಿಸುತ್ತಿದ್ದ ಕಂಠವನ್ನು ಹತ್ತು ವರ್ಷಗಳ ಮೇಲೆ ಮತ್ತೆ ಎತ್ತಿದೆ. "ಲಿಂಗಣ್ಣನ್ನ ನಾನು ದಿನಾ ಕೇಳ್ತಿದ್ದೆ. ನಿಮ್ಮದನ್ನ ನಿಲ್ಲಿಸಿದ ಮೇಲೂ ಕೇಳ್ತಿದ್ದೆ." ಲಿಂಗಣ್ಣನ ಕಡೆಯ ಮಾತನ್ನೂ ಅದೇ ದನಿಯಲ್ಲಿ ಮುಟ್ಟಿಸಿದೆ.

ನಲ್ಲಿಯ ಬಳಿ ಕೊಡಗಳ ಸದ್ದು ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ಶಾರದೆಯ ಮುಖ ಕಂಡಿತು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬೀದಿಗೆ ಬಂದ.

ಶರಣಪ್ಪ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಅರ್ಧ ಬಿಟ್ಟುಕೊಟ್ಟು, ತಮ್ಮ ಮಾತು ತಮಗೇ ಕೇಳಿಸದವರು ಮಾತನಾಡುವಂತೆ ದೊಡ್ಡ ದನಿಯಲ್ಲಿ ಕೇಳಿದ:

"ಮತ್ತ ಅದರ ಹಿಂದಿನ ದಿನ ಏನಾಗಿತ್ರಿ?"