ಜಿಪ್ಪಣ್ಣನ ಎಡಗಡೆಯ ಪಟ್ಟಿ

ಜಿಪ್ಪಣ್ಣ ಆ ದ್ವೀಪದ ಮೇಲೆ ಮೊದಲು ಇಟ್ಟದ್ದು ಕಾಲನ್ನಲ್ಲ, ತನ್ನ ಪಟ್ಟೆಪಟ್ಟೆಯ ಚಡ್ಡಿಗಳನ್ನು. ದೋಣಿಯಿಂದ ದಡದ ಕಟ್ಟೆಗೆ ಹಾಸಿದ್ದ ಹಲಗೆಯ ನಟ್ಟನಡುವೆ ಅವನ ಬೆನ್ನಿನ ಬ್ಯಾಗಿನ ಎಡಪಟ್ಟಿ ಕಿತ್ತುಹೋಯಿತು. ಬಿಸ್ಕತ್ತು ತೆಗೆಯಲೆಂದು ಆಗಷ್ಟೇ ಎಳೆದಿದ್ದ ಜಿಪ್ಪು ತೆರೆದೇ ಇತ್ತು. ಬ್ಯಾಗು ಒಂದು ಸುತ್ತು ತಿರುಗಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಟ್ಟೆಯ ಮೇಲೆ ಕಕ್ಕಿತು: ನಾಲ್ಕು ಚಡ್ಡಿ, ನೋವಿನ ಎಣ್ಣೆ, ಗಾಳಿ ತುಂಬುವ ದಿಂಬು, ಮತ್ತೆ ಚಕ್ಕುಲಿಯಂತೆ ಸುರುಳಿ ಸುತ್ತಿದ ಸೊಳ್ಳೆಬತ್ತಿಯ ಒಂದು ಡಬ್ಬಿ. ಗಾಳಿ ಒಂದು ಚಡ್ಡಿಯನ್ನು ಎತ್ತಿಕೊಂಡು ಹೋಗಿ, ಕುತ್ತಿಗೆಯವರೆಗೆ ಹಚ್ಚೆ ಹಾಕಿಸಿಕೊಂಡ ಹುಡುಗನೊಬ್ಬನ ಹೆಗಲಿಗೆ ಹೊದಿಸಿತು. ಅವನು ಅದನ್ನು ಎರಡೇ ಬೆರಳಲ್ಲಿ ಹಿಡಿದು, ಬಿದ್ದ ಪರ್ಸು ಹಿಂದಿರುಗಿಸುವವನ ಗಾಂಭೀರ್ಯದಲ್ಲಿ ತಂದುಕೊಟ್ಟ. ಜಿಪ್ಪಣ್ಣ ಥ್ಯಾಂಕ್ಸ್ ಹೇಳಿದ. ಬೇರೆ ಏನು ತಾನೆ ಹೇಳಿಯಾನು?

ಬ್ಯಾಗು ಯಾರದಾದರೂ ಕಿತ್ತುಹೋಗಬಹುದು. ಆದರೆ ಬಸ್‌ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ಯಾಗು ರಿಪೇರಿ ಮಾಡಿಕೊಂಡು ಬಂದವನ ಬ್ಯಾಗು ಕಿತ್ತುಹೋಗಬಾರದಿತ್ತು. ಅವನು ಹಾಕಿದ ಜಿಪ್ಪು ಬ್ಯಾಗಿನ ಒಡೆಯನಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂದು ಹೆಸರು. ಹಾಗಾಗಿಯೇ ಪೇಟೆಯವರ ಬಾಯಲ್ಲಿ ಜಿಪ್ಪಣ್ಣ. ಅಂಗಡಿಯ ಹಿಂಬದಿಯಲ್ಲಿ ಕೂತು ನೂಲಿನ ತುದಿ ಕತ್ತರಿಸಿಕೊಡುವ ಅವನ ಹೆಂಡತಿ ಇಡೀ ಪೇಟೆಗೆ ಅತ್ತಿಗೆ.

ಅತ್ತಿಗೆ ಕಟ್ಟೆಯ ಮೇಲೆ ಚಡ್ಡಿಗಳನ್ನು ದಾಟಿಕೊಂಡು ಬಂದು, ಕಿತ್ತ ಪಟ್ಟಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬಿಳಿ ದಾರ, ಒಂದೊಂದು ಇಂಚಿಗೆ ಒಂದೊಂದು ಟಾಕು. ಕಚ್ಚಾ ಹೊಲಿಗೆ. ಮಿಷನ್ನಿಗೆ ಕೊಡುವ ಮುಂಚೆ ಬಟ್ಟೆ ಜಾರದಿರಲೆಂದು ಕೈಯಲ್ಲಿ ಹಾಕುವಂಥದು. ಆಮೇಲೆ ಅದರ ಮೇಲೆ ಮಿಷನ್‌ ಓಡಿಸಬೇಕು. ಈ ಪಟ್ಟಿಯ ಪಾಲಿಗೆ ಆ ‘ಆಮೇಲೆ’ ಬಂದೇ ಇರಲಿಲ್ಲ. ಹೊರಡುವ ಹಿಂದಿನ ದಿನದವರೆಗೂ ಗಿರಾಕಿಗಳ ಬ್ಯಾಗುಗಳೇ ಮಿಷನ್ನಿನ ಕೆಳಗೆ ಕೂತಿದ್ದವು.

“ನಮ್ಮನೇದಕ್ಕೆ ಯಾವತ್ತೂ ಕಚ್ಚಾ ಹೊಲಿಗೇನೇ,” ಅಂದರು ಅತ್ತಿಗೆ.

ಅದು ಬರಿಯ ಪಟ್ಟಿಯ ಮಾತಲ್ಲ ಎಂದು ಜಿಪ್ಪಣ್ಣನಿಗೂ ಗೊತ್ತಿತ್ತು. ಮನೆಯ ಕಿಟಕಿ ಪರದೆ ಆರು ವರ್ಷದಿಂದ ಗುಂಡುಪಿನ್ನಿನ ಮೇಲೆ ನಿಂತಿದೆ. ದಿಂಬಿನ ಚೀಲಕ್ಕೆ ಮೂರೇ ಬದಿ ಹೊಲಿಗೆ. ಮದುವೆಯಾದ ವಾರದಲ್ಲೇ ಸಮುದ್ರ ತೋರಿಸುತ್ತೇನೆಂದು ಕೊಟ್ಟ ಮಾತೂ ಹಾಗೇ ಟಾಕು ಹಾಕಿದ ಸ್ಥಿತಿಯಲ್ಲಿ ಉಳಿದಿತ್ತು. ಗಿರಾಕಿಗಳಿಗೆ “ನಾಳೆ ಬನ್ನಿ” ಅನ್ನುತ್ತಿದ್ದ. ಅವರು ನಾಳೆಯೋ ನಾಡಿದ್ದೋ ಬಂದು ಬ್ಯಾಗು ಒಯ್ಯುತ್ತಿದ್ದರು. ಹೆಂಡತಿಗೂ ಅದನ್ನೇ ಅನ್ನುತ್ತಿದ್ದ. ಮನೆಯಲ್ಲೇ ಇರುವವರು ಇನ್ನೆಲ್ಲಿಂದ ಬರಬೇಕು?

ಈ ವರ್ಷ ಪಟ್ಟಿ ಹಾಕಿಸಲು ಬಂದ ಎಳೆಯ ಗಂಡಹೆಂಡಿರು, ಬೆನ್ನಿಗೊಂದು ಬ್ಯಾಗು ಏರಿಸಿ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತೇವೆ ಅಂದಿದ್ದರು. ಅತ್ತಿಗೆ ಕತ್ತರಿ ಕೆಳಗಿಟ್ಟು ದೋಣಿ ಎಲ್ಲಿಂದ, ರೂಮು ಎಲ್ಲಿ ಎಂದು ಎಲ್ಲ ಕೇಳಿ ತಿಳಿದುಕೊಂಡರು. ಸಂಜೆ ಗಂಡನಿಗೆ, ನಾನು ಹೊರಟಿದ್ದೇನೆ, ಬರುವುದಾದರೆ ನೀವೂ ಬನ್ನಿ ಎಂದರು. ಒಂದೇ ಷರತ್ತು. ಏಳು ದಿನ ಸೂಜಿ ಮುಟ್ಟುವಂತಿಲ್ಲ. “ಮುಟ್ಟಿದ ದಿನ ನಾನು ಮುಂದಿನ ದೋಣಿ ಹತ್ತಿ ಒಬ್ಬಳೇ ಹೋಗ್ತಾ ಇರ್ತೀನಿ. ನೀವು ಅಲ್ಲೇ ಅಂಗಡಿ ಹಾಕ್ಕೊಳ್ಳಿ.” ಇದು ಗದರಿಕೆಯಲ್ಲ. ಒಮ್ಮೆ ಸಿಟ್ಟಿನಲ್ಲಿ ಟಿ.ವಿ. ನೋಡುವುದಿಲ್ಲ ಎಂದವರು ಹನ್ನೊಂದು ವರ್ಷ ಅದರ ಕಡೆ ಬೆನ್ನು ಹಾಕಿಯೇ ಊಟ ಮಾಡಿದ್ದರು. ದಾರ ಹಿಡಿದವನು ದಾರಿ ಹಿಡಿದದ್ದು ಹೀಗೆ.

ಅತ್ತಿಗೆಯ ಬ್ಯಾಗಿಗೆ ಮಾತ್ರ ಏನೂ ಆಗಲಿಲ್ಲ. ಅದನ್ನು ಅವರು ಎದುರಂಗಡಿಯಲ್ಲಿ ರೆಡಿಮೇಡ್‌ ಕೊಂಡಿದ್ದರು. ಇಪ್ಪತ್ತೆಂಟು ವರ್ಷದ ಅನುಭವ.

ಹೊಲಿಯುವಂತಿಲ್ಲ, ಬೆನ್ನಿಗೆ ಏರಿಸುವಂತಿಲ್ಲ. ಜಿಪ್ಪಣ್ಣ ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆದ. ವಸತಿಯ ಒಡತಿ ಬಾಗಿಲಲ್ಲೇ ನೋಡಿ, “ಮಗು ಮಲಗಿದೆಯಾ?” ಎಂದು ಕೇಳಿದಳು.

ರೂಮು ನೀಲಿ ಬಣ್ಣದ್ದು. ಫ್ಯಾನಿಗೆ ಮೂರು ವೇಗ, ಮೂರೂ ಒಂದೇ. ಮಂಚ ಅಡ್ಡ ಇದ್ದುದರಿಂದ ಕಿಟಕಿ ಅರ್ಧಕ್ಕೇ ತೆರೆಯುತ್ತಿತ್ತು. ಸೊಳ್ಳೆಪರದೆಯಲ್ಲಿ ಅವನ ಮೂಗಿನ ನೇರಕ್ಕೆ ಒಂದು ತೂತು. ಮಧ್ಯಾಹ್ನ ಮಲಗಿದರೆ ಅದು ಕಣ್ಣು ಮಿಟುಕಿಸಿ ಕರೆಯುತ್ತಿತ್ತು. ಜಿಪ್ಪಣ್ಣ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಮಲಗಿದ.

ಬಾಗಿಲ ಬೀಗ ಸೀನಿದರೆ ತೆರೆದುಕೊಳ್ಳುವಂಥದು. ಹೀಗಾಗಿ ಸಮುದ್ರಕ್ಕೂ ಬ್ಯಾಗು ಬಂತು. ಅತ್ತಿಗೆ ಬಟ್ಟೆಯನ್ನು ಮಂಡಿಗೆ ಎತ್ತಿಕೊಂಡು ನೀರಿಗಿಳಿದರು. ಅವನು ದಡದಲ್ಲಿ ಬ್ಯಾಗು ಅಪ್ಪಿಕೊಂಡು ನಿಂತ.

“ಬನ್ನಿ ರೀ.”

“ಬ್ಯಾಗು?”

“ಕೆಳಗಿಡಿ.”

“ಮರಳು ಜಿಪ್ಪಿಗೆ ಹೋಗುತ್ತೆ ಕಣೇ.”

ಎರಡು ದಿನ ಇದೇ ಸಂಭಾಷಣೆ, ಇದೇ ಜಾಗ. ಅತ್ತಿಗೆಗೆ ಬೇಕಾಗಿದ್ದುದು ಬಹಳ ದೊಡ್ಡದೇನಲ್ಲ. ಮಿಷನ್ನಿನ ಸದ್ದಿಲ್ಲದ ಕಡೆ, ಪಕ್ಕದಲ್ಲಿ ಗಂಡ, ಕಾಲ ಕೆಳಗೆ ಸಮುದ್ರ. ಸಮುದ್ರ ಬಂದಿತ್ತು. ಗಂಡ ಇನ್ನೂ ಬಂದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಒಬ್ಬರೇ ನೀರಿಗೆ ಹೋದಾಗ, ಅದೇ ವಸತಿಯಲ್ಲಿ ಇಳಿದಿದ್ದ ಹಚ್ಚೆಯ ಹುಡುಗ ಮತ್ತು ಅವನ ಹುಡುಗಿ ಜಗಲಿಯಲ್ಲಿ ಕಿತ್ತಾಡುತ್ತಿದ್ದರು. ಅವರ ಬ್ಯಾಗಿನ ಬುಡ ಹರಿದಿತ್ತು. ತುಂಬಿದ್ದು ನೀನು, ಎಳೆದಿದ್ದು ನೀನು ಎಂದು ಮಾತು ಬೆಳೆದು, ಬೇರೆ ಬೇರೆ ದೋಣಿ ಹತ್ತುವವರೆಗೆ ಬಂದಿತ್ತು. ಜಿಪ್ಪಣ್ಣನ ಬಾಯಿ ಅವನನ್ನು ಕೇಳದೆಯೇ “ಕೊಡಿ ಇಲ್ಲಿ, ನೋಡೋಣ” ಎಂದಿತು. ಒಡತಿಯ ಹತ್ತಿರ ಗೋಣಿಚೀಲ ಹೊಲಿಯುವ ದಬ್ಬಣವಿತ್ತು, ಮೀನಿನ ಬಲೆಗೆ ಹಾಕುವ ನೈಲಾನ್‌ ದಾರವಿತ್ತು. ದಬ್ಬಣ ಸೂಜಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ತನ್ನನ್ನು ತಾನೇ ಒಪ್ಪಿಸಲು ಅವನಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಸುದ್ದಿ ಹಬ್ಬಿತು. ದ್ವೀಪದಲ್ಲಿ ಇದ್ದವರೆಲ್ಲ ಬೆನ್ನಿಗೆ ಬ್ಯಾಗು ಕಟ್ಟಿಕೊಂಡವರೇ, ಹರಿಯದ ಬ್ಯಾಗು ಒಂದೂ ಇರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಜಗಲಿಯಲ್ಲಿ ಒಂಬತ್ತು ಜನ ಸಾಲಾಗಿ ಕೂತಿದ್ದರು. ಜಿಪ್ಪಣ್ಣನ ಮುಖದ ಮೇಲೆ ಮೂರು ದಿನದಿಂದ ಇಲ್ಲದ ಕಳೆ. ಒಂಬತ್ತನೆಯವನ ಜಿಪ್ಪನ್ನು ಎಳೆದು ನೋಡಿ, ತಲೆಯೆತ್ತದೆ, “ನಾಳೆ ಬನ್ನಿ,” ಅಂದ.

ಮೆಟ್ಟಿಲ ಬಳಿ ಒದ್ದೆ ಕಾಲಿನಲ್ಲಿ ಅತ್ತಿಗೆ ನಿಂತಿದ್ದರು.

ಅವರು ಕೂಗಾಡಲಿಲ್ಲ. ಒಳಗೆ ಹೋದರು, ಬ್ಯಾಗು ತುಂಬಿದರು, ಎರಡೂ ಪಟ್ಟಿ ಬಿಗಿದುಕೊಂಡು ಕಟ್ಟೆಯ ಕಡೆ ನಡೆದರು. ಐದು ಗಂಟೆಗೆ ದೋಣಿ. ಜಿಪ್ಪಣ್ಣ ತನ್ನ ಬ್ಯಾಗನ್ನು ಅವುಚಿಕೊಂಡು, ದಾರ ಪೋಣಿಸಿದ ದಬ್ಬಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹಿಂದೆ ಓಡಿದ. ಕಟ್ಟೆ ತಲುಪಿದಾಗ ದೋಣಿಯವನು ಹಗ್ಗ ಬಿಚ್ಚಲು ಶುರುಮಾಡಿದ್ದ.

ಅತ್ತಿಗೆ ಹಲಗೆಯ ಮೇಲೆ ಒಂದು ಕಾಲಿಟ್ಟವರು ತಿರುಗಿ ಅವನನ್ನು ನೋಡಿದರು. ಅವನನ್ನಲ್ಲ, ಬ್ಯಾಗನ್ನು. ಎಡಪಟ್ಟಿ ಇನ್ನೂ ಜೋತಾಡುತ್ತಿತ್ತು.

“ಊರವರದ್ದೆಲ್ಲ ಹೊಲಿದ್ರಲ್ಲ. ನಿಮ್ದು?”

ಜಿಪ್ಪಣ್ಣ ದಬ್ಬಣವನ್ನು ಬಾಯಿಂದ ತೆಗೆದ. “ಸೂಜಿ ಮುಟ್ಟಲ್ಲ ಅಂತ ನಿಂಗೆ ಮಾತು ಕೊಟ್ಟಿದ್ನಲ್ಲ,” ಅಂದ.

ಹಗ್ಗ ಹಿಡಿದಿದ್ದ ದೋಣಿಯವನು ಕೆಮ್ಮಿದ. ಅತ್ತಿಗೆಯ ತುಟಿ ಒಂದು ಬದಿಗೆ ಎಳೆದಂತಾಯಿತು. ನಗಬಾರದೆಂದು ಹಟ ಹಿಡಿದಾಗ ಅವರ ತುಟಿ ಹಾಗಾಗುತ್ತದೆ. ಹಲಗೆಯಿಂದ ಕಾಲು ತೆಗೆದು ಕಟ್ಟೆಯ ಅಂಚಿಗೆ ಕೂತರು. ಕೈ ಚಾಚಿದರು.

“ಕೊಡಿ ಇಲ್ಲಿ. ನಾನು ಹೊಲೀತೀನಿ. ನಡುವೆ ಬಾಯಿ ಹಾಕಿದ್ರೆ ದೋಣಿ ಹತ್ತೋದೇ.”

ನೂಲು ಕತ್ತರಿಸುವುದರಲ್ಲಿ ಅತ್ತಿಗೆಗೆ ಸಾಟಿಯಿಲ್ಲ. ಹೊಲಿಗೆ ಬೇರೆ ವಿಷಯ. ಪಟ್ಟಿಯನ್ನು ತಿರುಚಿಯೇ ಇಟ್ಟರು, ಅದೂ ಒಂದೂವರೆ ಇಂಚು ಕೆಳಗೆ. ದಬ್ಬಣ ಒಂದು ಸಲ ಇಲ್ಲಿ ಮುಳುಗಿ, ಇನ್ನೊಂದು ಸಲ ಯಾವುದೋ ಊರಲ್ಲಿ ಎದ್ದಿತು. ಒಂದು ಟಾಕು ಇರುವೆಯಷ್ಟು, ಮುಂದಿನದು ಹಲ್ಲಿಯಷ್ಟು. ಪ್ರತಿ ಟಾಕಿಗೂ ಒಂದು ಗಂಟು. ಜಿಪ್ಪಣ್ಣನ ಬೆರಳುಗಳು ತಾವಾಗಿ ಎದ್ದವು. ಅವನು ಅವುಗಳ ಮೇಲೆ ಕೂತ. ನಾಲ್ಕನೆಯ ಗಂಟಿಗೆ ತಡೆಯಲಾಗಲಿಲ್ಲ.

“ಅಲ್ಲಿ...”

ಅತ್ತಿಗೆ ತಲೆಯೆತ್ತಿದರು.

“ಅಲ್ಲಿ ಗಾಳಿ ಚೆನ್ನಾಗಿ ಬೀಸ್ತಿದೆ ಅಂದೆ.”

ಅವನ ಕಣ್ಣಲ್ಲಿ ನೀರು ಬಂದಿತ್ತು. ಉಪ್ಪುಗಾಳಿ ಅಂದುಕೊಳ್ಳಲು ಅವಕಾಶವಿತ್ತು. ಮದುವೆಯಾದಾಗಿನಿಂದ ಅವನು ಹೆಂಡತಿಗಾಗಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಐದು ಗಂಟೆಯ ದೋಣಿ ಹೊರಟುಹೋಯಿತು. ಒಂಬತ್ತನೆಯ ಗಂಟಿಗೆ ಅತ್ತಿಗೆ ದಾರವನ್ನು ಹಲ್ಲಿನಲ್ಲಿ ಕಡಿದು, ಏರಿಸಿಕೊಳ್ಳಿ ಎಂದರು.

ಏರಿಸಿಕೊಂಡ. ಬ್ಯಾಗು ಎಡಕ್ಕೆ ವಾಲಿತು, ಅದರ ಜೊತೆ ಅವನೂ. ಮೂರು ದಿನದ ನಂತರ ಎರಡೂ ಕೈ ಖಾಲಿಯಾಗಿದ್ದವು, ಹಾಗಾಗಿ ನೆಪವೂ ಖಾಲಿ. ಅತ್ತಿಗೆ ಅವನ ಒಂದು ಕೈ ಹಿಡಿದು ನೇರ ನೀರಿಗೆ ನಡೆದರು. ಬ್ಯಾಗಿನ ಸಮೇತ ಮಂಡಿಯವರೆಗೆ ನಿಂತು ಅವನು, ಪರವಾಗಿಲ್ಲ, ಸಮುದ್ರ ಇದಕ್ಕಿಂತ ಒದ್ದೆಯಿರುತ್ತೆ ಅಂದುಕೊಂಡಿದ್ದೆ ಅಂದ. ಉಳಿದ ನಾಲ್ಕೂ ದಿನ ಆ ದಂಪತಿ ಹಾಗೇ ನಿಂತರು, ಒಬ್ಬರು ನೆಟ್ಟಗೆ, ಒಬ್ಬರು ಎಡಕ್ಕೆ. ಒಂಬತ್ತನೆಯವನ ಜಿಪ್ಪು ಹಾಗೇ ಉಳಿಯಿತು.

ಈಗ ಆ ಬ್ಯಾಗು ಅಂಗಡಿಯ ಮೊಳೆಗೆ, ಗಿರಾಕಿಗಳ ಕಣ್ಣಿಗೆ ಹೊಡೆಯುವಂತೆ ನೇತಾಡುತ್ತದೆ. ಮೊನ್ನೆ ಛತ್ರಿಯ ಚೀಲಕ್ಕೆ ಜಿಪ್ಪು ಹಾಕಿಸಲು ಬಂದ ನಿವೃತ್ತ ಮೇಡಂ ಒಬ್ಬರು ಕನ್ನಡಕ ಏರಿಸಿ ಅದನ್ನೇ ನೋಡಿದರು. ಇಷ್ಟು ಸೊಟ್ಟ ಹೊಲಿಗೆ ಈ ಅಂಗಡಿಯಲ್ಲಿ ಯಾರದು ಎಂದು ಕೇಳಿದರು. ಜಿಪ್ಪಣ್ಣ ಗದ್ದದಿಂದ ಹಿಂದಕ್ಕೆ ತೋರಿಸಿದ. ಮೇಡಂ ಮುಖ ಅರಳಿತು.

“ನೀವು ಮನಸ್ಸು ಮಾಡಿದ್ರೆ ಎರಡು ನಿಮಿಷದಲ್ಲಿ ಸರಿಮಾಡ್ಕೋಬಹುದಿತ್ತು. ಅವರು ಹೊಲಿದದ್ದು ಅಂತ ಹಾಗೇ ಇಟ್ಕೊಂಡಿದೀರಿ, ಅಲ್ವಾ?”

ಹಿಂಬದಿಯಲ್ಲಿ ಅತ್ತಿಗೆಯ ಕತ್ತರಿಯ ಸದ್ದು ನಿಂತಿತು.

ಜಿಪ್ಪಣ್ಣ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದ.

“ಇಲ್ಲ ಮೇಡಂ,” ಅಂದ. “ಊರಿಗೆ ಬಂದ ದಿನಾನೇ ಬಿಚ್ಚೋಕೆ ಕೂತೆ. ಎರಡು ಬ್ಲೇಡ್‌ ಮುರೀತು.”