ಯಜಮಾನನಿಲ್ಲದ ನಾಲ್ಕು ಪೆಟ್ಟಿಗೆಗಳು

ಉಪೋಲು ದ್ವೀಪದ ದಕ್ಷಿಣ ಕರಾವಳಿಯ ಆ ಕಾಲೇಜಿನಲ್ಲಿ ಲೆಪೇಕಾ ಇಪ್ಪತ್ತೆರಡು ವರ್ಷ ನಾಲ್ಕು ತಿಂಗಳು ದುಡಿದಿದ್ದರು. ಅವರ ಮೇಲೆ ಬರೆದ ವರದಿಯಲ್ಲಿ ‘ಸುಮಾರು ಇಪ್ಪತ್ತು ವರ್ಷ’ ಎಂದಿದೆ, ಅದು ತಪ್ಪು. ಆ ವರದಿಯಲ್ಲಿ ತಪ್ಪಿಲ್ಲದ ಸಾಲನ್ನು ಹುಡುಕುವುದೇ ಕಷ್ಟ.

ಅವರ ವಶದಲ್ಲಿದ್ದದ್ದು ಗ್ರಂಥಾಲಯದ ಹಿಂದಿನ ಪುಟ್ಟ ಕೋಣೆ, ಅದರ ಬೀಗದಕೈ, ಒಂದರ ಮೇಲೊಂದು ಕೂತ ನಾಲ್ಕು ಚಪ್ಪಟೆ ಪೆಟ್ಟಿಗೆಗಳು. ಕಾಲೇಜಿನ ಎಲ್ಲ ಕಂಪ್ಯೂಟರುಗಳ ತಂತಿಗಳೂ ಬಂದು ಸೇರುವ ಈ ಪೆಟ್ಟಿಗೆಗಳಿಗೆ ಸ್ವಿಚ್ ಎನ್ನುತ್ತಾರೆ. ಹಿಂಬದಿಯಲ್ಲಿ ಗಿಡ್ಡ ತಂತಿಗಳಿಂದ ಒಂದಕ್ಕೊಂದು ಬಿಗಿದರೆ ನಾಲ್ಕೂ ಒಂದಾಗಿ ನಡೆಯುತ್ತವೆ: ಒಂದು ಯಜಮಾನ, ಉಳಿದ ಮೂರು ಅದರ ಮಾತು ಕೇಳುವಂಥವು.

ಫೆಬ್ರವರಿಯ ಸಿಡಿಲಿಗೆ ಮೂರನೆಯದು ಸುಟ್ಟಿತು. ಮುಚ್ಚಿಹೋದ ಶಾಖೆಯಿಂದ ಹನ್ನೊಂದು ವರ್ಷದ ಹಿಂದೆ ಬಂದು ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಪೆಟ್ಟಿಗೆಯನ್ನು ಲೆಪೇಕಾ ಆ ಜಾಗಕ್ಕೆ ತಂದರು. ಎಲ್ಲವನ್ನೂ ಆರಿಸಿ, ತಂತಿ ಬಿಗಿದು, ವಯಸ್ಸಿನಲ್ಲಿ ಹಿರಿಯದಾದ ಆ ಹಳೆಯದನ್ನು ಮೊದಲು ಹೊತ್ತಿಸಿದರು. ಅದು ಪೂರ್ತಿ ಎದ್ದ ಮೇಲೆಯೇ ಉಳಿದವು. ಸಭೆಯಲ್ಲಿ ಆವಾ ಪಾನೀಯದ ಬಟ್ಟಲು ಮೊದಲು ಹಿರಿಯರ ಕೈಗೆ ಹೋಗುವುದನ್ನು ನೋಡುತ್ತ ಬೆಳೆದವರಿಗೆ ಬೇರೆ ಕ್ರಮ ಹೊಳೆಯುವುದೂ ಇಲ್ಲ. ಮೊದಲು ಎದ್ದದ್ದೇ ಯಜಮಾನನಾಯಿತು. ತನ್ನ ಹಳೆಯ ಶಾಖೆಯ ಏರ್ಪಾಡನ್ನೇ ನಾಲ್ಕಕ್ಕೂ ಹೇರಿತು. ಅದು ಇಲ್ಲಿಯ ತಂತಿಗಳಿಗೆ ಹೊಂದದೆ, ಪ್ರವೇಶ ನೋಂದಣಿಯ ದಿನವೇ ಇಡೀ ಕಾಲೇಜು ಮೂವತ್ತೊಂದು ನಿಮಿಷ ಸ್ತಬ್ಧವಾಯಿತು. ವರದಿಯಲ್ಲಿ ಅದು ನಲವತ್ತೈದು. ಸರಿಪಡಿಸಿದವರು ಲೆಪೇಕಾ ಎಂಬುದು ವರದಿಯಲ್ಲಿಲ್ಲ.

ಪೆಟ್ಟಿಗೆಗಳನ್ನು ಕೂರಿಸಿದ್ದ ಹೊರದೇಶದ ಕಂಪನಿ ಆ ವರದಿಯಲ್ಲಿ ಬರೆದದ್ದು ಇಷ್ಟು: ‘ಸಿಬ್ಬಂದಿಯ ಸ್ಥಳೀಯ ನಂಬಿಕೆಯೇ ಕಾರಣ. ಕೋಣೆಯ ಬೀಗದಕೈಯನ್ನು ಕಂಪನಿಗೆ ವಹಿಸತಕ್ಕದ್ದು.’

ವಿಚಾರಣೆಗೆ ಕೂತವರು ಮೂವರು. ಮೂವರೂ ತಮ್ಮತಮ್ಮ ಕುಟುಂಬಗಳ ಯಜಮಾನ ಪಟ್ಟ ಹೊತ್ತವರು. ಅಧ್ಯಕ್ಷರು ಕುಲಸಚಿವ ಟುಇಲಗಿ. ಕಂಪನಿಯ ಪರವಾಗಿ ಡೆರೆಕ್ ಬಂದಿದ್ದ.

“ಏನಕ್ಕಾ, ಪೆಟ್ಟಿಗೆಗೂ ಆವಾ ಕುಡಿಸಿದ್ರಂತೆ?” ಟುಇಲಗಿ ನಕ್ಕರು.

“ಕುಡಿಸಿದ್ರೆ ನಿಮ್ಗೊಂದು ಬಟ್ಟಲು ಎತ್ತಿಡ್ತಿರ್ಲಿಲ್ವಾ, ಯಜಮಾನ್ರೇ? ಏಳಿ, ಕೋಣೆಗೆ ಬನ್ನಿ. ಕಣ್ಣಾರೆ ನೋಡಿ ಆಮೇಲೆ ಬೀಗದಕೈ ಕಿತ್ಕೊಳ್ಳಿ.”

ತರಗತಿಗಳು ಮುಗಿದಿದ್ದವು. ಲೆಪೇಕಾ ನಾಲ್ಕನ್ನೂ ಆರಿಸಿ, ಎರಡನೆಯದು ಮೊದಲು ಏಳುವಂತೆ ಮಾಡಿದರು, ಎರಡನೆಯದು ಯಜಮಾನನಾಯಿತು. ಮತ್ತೆ ಆರಿಸಿ ನಾಲ್ಕನೆಯದನ್ನು ಎಬ್ಬಿಸಿದರು, ಆಗ ನಾಲ್ಕನೆಯದು.

“ಇದೇನಕ್ಕಾ, ಗಳಿಗೆಗೊಬ್ಬ ಯಜಮಾನ?” ಎಂದರು ಟುಇಲಗಿ.

“ಯಾವುದಕ್ಕೆ ದೊಡ್ಡ ಅಂಕಿ ಕೊಟ್ಟಿರ್ತೀವೋ ಅದು ಯಜಮಾನ. ಇವ್ರ ಕಂಪನಿಯೋರು ಅಂಕಿ ಕೊಡದೇ ಹೋಗಿದಾರೆ, ಹಳೇದೂ ಸೇರಿ ನಾಲ್ಕರಲ್ಲೂ ಕಾರ್ಖಾನೆಯ ಒಂದೇ ಅಂಕಿ ಇದೆ. ಎಲ್ಲಾ ಸಮ ಆದ್ರೆ ಮೊದ್ಲು ಎದ್ದೋನ್ದೇ ದರ್ಬಾರು.” ಲೆಪೇಕಾ ಕೈ ಒರೆಸಿಕೊಂಡರು. “ನಿಮ್ಮಣ್ಣ ನಿಮಗಿಂತ ಒಂಬತ್ತು ವರ್ಷ ದೊಡ್ಡೋರು. ಪಟ್ಟ ಅವರಿಗೆ ಬಂತಾ?”

“ಇಲ್ಲ. ಕುಟುಂಬ ಎಲ್ಲಾ ಕೂತು ನನ್ನ ಹೆಸ್ರು ಹೇಳ್ತು.”

“ಇವುಗಳ ಕುಟುಂಬ ಕೂತೇ ಇಲ್ಲ. ಕೂರಿಸ್ಬೇಕಾಗಿದ್ದೋರು ಯಾರು?”

ಮೂವರು ಯಜಮಾನರೂ ಡೆರೆಕ್‌ನ ಕಡೆಗೆ ತಿರುಗಿದರು.

“ಅಂಕಿ ಕೊಡೋದು ಕರಾರಿನಲ್ಲಿ ಇಲ್ಲ,” ಎಂದ ಆತ.

“ಇದೆ. ಹದಿನಾಲ್ಕನೇ ಪುಟ, ಕೆಳಗಿಂದ ಎರಡನೇ ಸಾಲು,” ಎಂದರು ಲೆಪೇಕಾ. “ನಾನೂ ಅಂಕಿ ಪರೀಕ್ಷೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ಅದು ನನ್ನ ತಪ್ಪು, ಬರ್ಕೊಳ್ಳಿ. ಹಿರಿಯರಿಗೆ ಮೊದ್ಲು ಕೊಟ್ಟಿದ್ದು ತಪ್ಪು ಅಂತ ಮಾತ್ರ ಬರೀಬೇಡಿ.”

ಟುಇಲಗಿ ಹದಿನಾಲ್ಕನೆಯ ಪುಟವನ್ನು ತರಿಸಿ, ನಿಂತಲ್ಲೇ ಎರಡು ಸಲ ಓದಿದರು. ಬೀಗದಕೈ ಲೆಪೇಕಾರ ಬಳಿಯೇ ಇರಲಿ ಎಂದು ಆಜ್ಞೆಯಾಯಿತು. ಲೆಪೇಕಾ ಅಂದೇ ಮೇಲಿನ ಪೆಟ್ಟಿಗೆಗೆ ಹದಿನೈದು, ಅದರ ಕೆಳಗಿನದಕ್ಕೆ ಹದಿನಾಲ್ಕು ಎಂದು ಇಳಿಯುತ್ತ ಅಂಕಿ ಕೊಟ್ಟು, ಹಳೆಯದಕ್ಕೆ ಒಂದನ್ನೇ ಉಳಿಸಿ, ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರು. ಆಮೇಲೆ ಹಳೆಯದನ್ನೇ ಮೊದಲು ಹೊತ್ತಿಸಿ, ಅದರ ಬೆನ್ನಿಗೇ ಉಳಿದವನ್ನು ಹೊತ್ತಿಸಿದರು. ಯಜಮಾನಿಕೆ ಮೇಲಿನದಕ್ಕೇ ಹೋಯಿತು.

“ಮತ್ತೆ ಮುದುಕನಿಗೇ ಮೊದ್ಲಾ?” ಎಂದರು ಟುಇಲಗಿ.

“ಪಟ್ಟ ತಪ್ಪಿತು ಅಂತ ಮರ್ಯಾದೆನೂ ತಪ್ಪಿಸ್ಲಾ?”

ವರದಿಯ ‘ಸ್ಥಳೀಯ ನಂಬಿಕೆ’ಯ ಆ ಸಾಲನ್ನು ಹೊಡೆದುಹಾಕುವಂತೆ ಕಾಲೇಜು ಮೂರು ಬಾರಿ ಪತ್ರ ಬರೆಯಿತು. ಅಂತಿಮ ವರದಿಯನ್ನು ತಿದ್ದುವ ಪದ್ಧತಿ ತಮ್ಮಲ್ಲಿಲ್ಲ ಎಂದು ಕಂಪನಿ ಒಂದು ಬಾರಿ ಉತ್ತರಿಸಿತು. ಲೆಪೇಕಾ ಆ ನಾಲ್ಕು ಪತ್ರಗಳನ್ನೂ ವರದಿಯ ಬೆನ್ನಿಗೆ ಹೊಲಿದು, ಅದೇ ಕೋಣೆಯಲ್ಲಿಟ್ಟು ಬೀಗ ಹಾಕಿದರು.